ಮೈಕ್ರೊಫ್ಲೂಯಿಡಿಕ್ ಚಿಪ್‌ಗೆ ಗಾಳಿಯ ಒತ್ತಡ: ಎಣ್ಣೆ ನೀರಿನ ದಾರಿಗೆ ನುಗ್ಗುತ್ತಿದೆ, ಹಿಡಿತಕ್ಕೆ ತರುವುದು ಹೇಗೆ?

ಹನಿಚಿಪ್:

ನಮಸ್ಕಾರ. ಎಣ್ಣೆಯೊಳಗೆ ನೀರಿನ ಹನಿ ಮಾಡುವ ಫ್ಲೋ-ಫೋಕಸಿಂಗ್ ಚಿಪ್‌ಗೆ (ಸಣ್ಣ ಚಾನೆಲ್‌ಗಳಲ್ಲಿ ಎರಡು ಕಡೆಯಿಂದ ಬರುವ ಎಣ್ಣೆ ನೀರಿನ ಎಳೆಯನ್ನು ಒತ್ತಿ ಹನಿಯಾಗಿ ತುಂಡರಿಸುತ್ತದೆ) ಸಿರಿಂಜ್ ಪಂಪ್ ಬಿಟ್ಟು ಗಾಳಿಯ ಒತ್ತಡ ಕೊಡಲು ಹೊರಟಿದ್ದೇವೆ. ಲ್ಯಾಬ್ ಬೆಂಗಳೂರಿನಲ್ಲಿದೆ. ಚಿಪ್ ಪಿಡಿಎಂಎಸ್ ಎಂಬ ಸಿಲಿಕೋನ್ ರಬ್ಬರ್‌ನದು, ಗಾಜಿನ ಸ್ಲೈಡ್ ಮೇಲೆ ಪ್ಲಾಸ್ಮಾ ಬಾಂಡ್ ಮಾಡಿ ಅಂಟಿಸಿದ್ದು. ಚಾನೆಲ್‌ಗಳೆಲ್ಲ 100 ಮೈಕ್ರಾನ್ ಅಗಲ, 50 ಮೈಕ್ರಾನ್ ಎತ್ತರ. ನೀರಿನ ದಾರಿ 10 ಮಿ.ಮೀ. ಎಣ್ಣೆ ಎರಡು ಕವಲಾಗಿ ಬರುತ್ತದೆ, ಒಂದೊಂದೂ 10 ಮಿ.ಮೀ. ಎಣ್ಣೆ ನೀರು ಸೇರುವ ಜಂಕ್ಷನ್‌ನಿಂದ ಹೊರದಾರಿ 20 ಮಿ.ಮೀ. ಎಣ್ಣೆ ಎಚ್‌ಎಫ್‌ಇ-7500 ಎಂಬ ಫ್ಲೋರಿನ್ ಇರುವ ದ್ರವ, ಅದಕ್ಕೆ ಹನಿಗಳು ಒಂದಕ್ಕೊಂದು ಸೇರದಂತೆ ತಡೆಯುವ ಸರ್ಫ್ಯಾಕ್ಟೆಂಟ್ 2%. ಬೇಕಿರುವುದು 60 ಮೈಕ್ರಾನ್ ವ್ಯಾಸದ ಹನಿ. ನೀರು ನಿಮಿಷಕ್ಕೆ 5 ಮೈಕ್ರೊಲೀಟರ್, ಎಣ್ಣೆ 10 ಇದ್ದರೆ ಸಾಕು ಎಂದು ಅಂದಾಜು.

10 ಮಿ.ಲೀ. ಸಿರಿಂಜ್ ಹಾಕಿದ ಪಂಪ್‌ನಲ್ಲಿ ಹನಿಯ ಗಾತ್ರ ಒಂದೇ ಲಯದಲ್ಲಿ ಹಿಗ್ಗಿ ಕುಗ್ಗುತ್ತದೆ. ಸೆಟ್ಟಿಂಗ್ ಬದಲಿಸಿದರೆ ನೆಲೆಗೆ ಬರಲು ನಿಮಿಷಗಟ್ಟಲೆ ಬೇಕು. ಅದಕ್ಕೇ ಕಂಪ್ರೆಸರ್ ಕಡೆ ತಿರುಗಿದೆವು. ಈಗ ವರ್ಕ್‌ಶಾಪ್‌ನಲ್ಲಿ ಸಿಗುವ 0–10 ಬಾರ್ ರೆಗ್ಯುಲೇಟರ್ (ಒತ್ತಡ ಹೊಂದಿಸುವ ವಾಲ್ವ್) ಎರಡು, ನೀರಿನ ಬಾಟಲಿಗೊಂದು, ಎಣ್ಣೆ ಬಾಟಲಿಗೊಂದು ಇಟ್ಟಿದ್ದೇವೆ. 100 ಮಿಲಿಬಾರ್ ಹತ್ತಿರ ಮುಳ್ಳು ಅಲುಗುವುದೇ ಇಲ್ಲ. ಎಣ್ಣೆಯ ಒತ್ತಡ ಕೂದಲೆಳೆಯಷ್ಟು ಏರಿಸಿದರೆ ನೀರು ನಿಲ್ಲುತ್ತದೆ, ಆಮೇಲೆ ಎಣ್ಣೆ ನೀರಿನ ಟ್ಯೂಬ್‌ಗೆ ಹಿಮ್ಮುಖವಾಗಿ ಹರಿಯುತ್ತದೆ. ಕಂಪ್ರೆಸರ್‌ನಿಂದ ಚಿಪ್‌ವರೆಗೆ ನಡುವೆ ಏನೇನು ಇರಬೇಕು? ಈ ಹಿಮ್ಮುಖ ಹರಿವು ತಪ್ಪಿಸುವುದು ಹೇಗೆ? ಫ್ಲೋ ಸೆನ್ಸರ್ ಇಲ್ಲದೆ ಹರಿವು ಎಷ್ಟಿದೆ ಎಂದು ತಿಳಿಯಬಹುದೇ?


ನ್ಯೂಮ್ಯಾಟಿಕ್_ಮಂಡ್ಯ:

ಗಾಳಿಯ ಭಾಗವನ್ನು ನಾನು ಹೇಳುತ್ತೇನೆ. ಜಂಕ್ಷನ್‌ನ ಲೆಕ್ಕವನ್ನು ಬೇರೆಯವರು ನನಗಿಂತ ಚೆನ್ನಾಗಿ ಬಿಡಿಸುತ್ತಾರೆ.

ಮೊದಲು ಸಿರಿಂಜ್ ಪಂಪ್ ಯಾಕೆ ಹಾಗೆ ಆಡಿತು ಅನ್ನುವುದು. 10 ಮಿ.ಲೀ. ಸಿರಿಂಜ್‌ನ ಒಳವ್ಯಾಸ ಸುಮಾರು 14.5 ಮಿ.ಮೀ. ನಿಮಿಷಕ್ಕೆ 5 ಮೈಕ್ರೊಲೀಟರ್ ಹರಿಸಲು ಪ್ಲಂಜರ್ ನಿಮಿಷಕ್ಕೆ 0.03 ಮಿ.ಮೀ. ಮಾತ್ರ ಸರಿಯಬೇಕು. ಅಷ್ಟು ನಿಧಾನದಲ್ಲಿ ಸ್ಟೆಪ್ಪರ್ ಮೋಟರಿನ ಒಂದೊಂದು ಹೆಜ್ಜೆಯೂ, ಸ್ಕ್ರೂವಿನ ಒಂದೊಂದು ಸುತ್ತೂ ಹರಿವಿನಲ್ಲಿ ಕಾಣುತ್ತದೆ. ರಬ್ಬರ್ ತುದಿ ಅಂಟಿಕೊಂಡು ತಟ್ಟನೆ ಜಾರುವುದು ಇದರ ಮೇಲೆ ಇನ್ನೊಂದು. ಪಂಪ್‌ನಲ್ಲೇ ಮುಂದುವರಿಯಬೇಕಾದಾಗ 1 ಮಿ.ಲೀ. ಗಾಜಿನ ಸಿರಿಂಜ್ ಹಾಕಿ, ಪ್ಲಂಜರ್ ಹತ್ತು ಪಟ್ಟು ವೇಗವಾಗಿ ಸರಿಯುತ್ತದೆ, ಅರ್ಧ ಕಾಟ ಅಲ್ಲೇ ಮುಗಿಯುತ್ತದೆ.

ಈಗ ಗಾಳಿ. ನಿಮ್ಮ ಗೇಜ್‌ಗೆ 100 ಮಿಲಿಬಾರ್ ಎಂದರೆ ಪೂರ್ಣ ಅಳತೆಯ 1%. ಅದು ಕಾಣಿಸದಿರುವುದು ಸಹಜ. ವರ್ಕ್‌ಶಾಪ್ ರೆಗ್ಯುಲೇಟರ್‌ನ ಸ್ಪ್ರಿಂಗ್ ಕೂಡ ಅಷ್ಟು ಕೆಳಗೆ ನಿಯಂತ್ರಿಸಲು ಮಾಡಿದ್ದಲ್ಲ. ಅದನ್ನು ಎಸೆಯಬೇಡಿ, ಮೊದಲ ಹಂತಕ್ಕೆ ಬಳಸಿಕೊಳ್ಳಿ. ಸಾಲು ಹೀಗಿರಲಿ: ಕಂಪ್ರೆಸರ್ ಟ್ಯಾಂಕ್, ನೀರು ಬಸಿಯುವ ಕಪ್ ಇರುವ 5 ಮೈಕ್ರಾನ್ ಫಿಲ್ಟರ್, ಎಣ್ಣೆಮಂಜು ಹಿಡಿಯುವ ಫಿಲ್ಟರ್, ನಿಮ್ಮ ಹಳೆಯ ರೆಗ್ಯುಲೇಟರ್ 3 ಬಾರ್‌ಗೆ ಕಟ್ಟಿ ಇಟ್ಟದ್ದು, ಅಲ್ಲಿಂದ ಎರಡು ಕವಲು. ಪ್ರತಿ ಕವಲಿಗೆ ಒಂದು ಪ್ರಿಸಿಶನ್ ರೆಗ್ಯುಲೇಟರ್, ಒಂದು ಒತ್ತಡದ ಸೆನ್ಸರ್, ಒಂದು ಮೂರು-ದಾರಿ ಕೈವಾಲ್ವ್, ಕೊನೆಗೆ 0.2 ಮೈಕ್ರಾನ್ ಪಿಟಿಎಫ್‌ಇ (ಟೆಫ್ಲಾನ್) ಸಿರಿಂಜ್ ಫಿಲ್ಟರ್, ಆಮೇಲೆ ಬಾಟಲಿ.

ಎರಡು ಹಂತ ಯಾಕೆಂದರೆ, ಟ್ಯಾಂಕ್ 6ರಿಂದ 8 ಬಾರ್ ನಡುವೆ ಏರಿಳಿಯುತ್ತಲೇ ಇರುತ್ತದೆ. ಒಂದೇ ರೆಗ್ಯುಲೇಟರ್ ಇದ್ದರೆ ಆ ಏರಿಳಿತದ ಒಂದು ಪಾಲು ಚಿಪ್‌ಗೂ ಬರುತ್ತದೆ. ಮೊದಲನೆಯದು ಅದನ್ನು ಕುಗ್ಗಿಸುತ್ತದೆ, ಎರಡನೆಯದು ಉಳಿದದ್ದನ್ನು. ಪ್ರಿಸಿಶನ್ ರೆಗ್ಯುಲೇಟರ್‌ಗೆ ಎಸ್‌ಎಂಸಿ ಕಂಪನಿಯ ಐಆರ್1000 ಸರಣಿಯದು ಸಾಕು, ಅದರ ವ್ಯಾಪ್ತಿ 50 ಮಿಲಿಬಾರ್‌ನಿಂದ 2 ಬಾರ್. ಅದು ಸದಾ ಸ್ವಲ್ಪ ಗಾಳಿ ಬಿಡುತ್ತಲೇ ಇರುತ್ತದೆ. ಅದು ಸೋರಿಕೆಯಲ್ಲ, ಒತ್ತಡ ಇಳಿಸಲು ಅದಕ್ಕಿರುವ ದಾರಿಯೇ ಅದು. ಹೊರಕ್ಕೆ ಗಾಳಿ ಬಿಡದ ಮಾದರಿ ಕೊಂಡರೆ ನಾಬ್ ತಿರುಗಿಸಿ ಕಡಿಮೆ ಮಾಡಿದರೂ ಬಾಟಲಿಯೊಳಗಿನ ಒತ್ತಡ ಹಾಗೇ ಉಳಿಯುತ್ತದೆ. ಎಷ್ಟೋ ಜನ ಚಿಪ್ ಕೆಟ್ಟಿದೆ ಎಂದುಕೊಳ್ಳುವುದು ಇಲ್ಲೇ.

ಆ ಪಿಟಿಎಫ್‌ಇ ಫಿಲ್ಟರ್ ಗಾಳಿಯನ್ನು ಶುದ್ಧ ಮಾಡಲು ಮಾತ್ರ ಇರುವುದಲ್ಲ. ಒತ್ತಡ ದಿಢೀರನೆ ಬಿದ್ದಾಗ ಬಾಟಲಿಯ ನೀರು ಹಿಂದಕ್ಕೆ ಏರಿ ರೆಗ್ಯುಲೇಟರ್ ಸೇರದಂತೆ ತಡೆಯುವುದೂ ಅದೇ. ಹೈಡ್ರೊಫೋಬಿಕ್, ಅಂದರೆ ನೀರನ್ನು ಒಳಬಿಡದ ಮಾದರಿ ಇರಬೇಕು. ಸೆಲ್ಯುಲೋಸ್ ಪೊರೆ ಒಮ್ಮೆ ಒದ್ದೆಯಾದರೆ ಗಾಳಿಯನ್ನೂ ಬಿಡುವುದಿಲ್ಲ.

ಸೆನ್ಸರ್‌ಗೆ ಎಂಪಿಎಕ್ಸ್5100 ಆಗುತ್ತದೆ, 0–1000 ಮಿಲಿಬಾರ್, ಪ್ರತಿ ಮಿಲಿಬಾರ್‌ಗೆ 4.5 ಮಿಲಿವೋಲ್ಟ್. ಆರ್ಡುಯಿನೊ ಯುನೊ ಎಂಬ ಸಣ್ಣ ಕಂಪ್ಯೂಟರ್ ಬೋರ್ಡಿನ 10 ಬಿಟ್‌ನಲ್ಲಿ ಓದಿದರೆ ಒಂದು ಎಣಿಕೆಗೆ 1.1 ಮಿಲಿಬಾರ್ ಆಗುತ್ತದೆ. ವೋಲ್ಟೇಜ್ ಓದುವ ಎಡಿಎಸ್1115 ಚಿಪ್ ಸೇರಿಸಿದರೆ ಅದಕ್ಕಿಂತ ಬಹಳ ಸೂಕ್ಷ್ಮವಾಗಿ ಓದಬಹುದು. ಕೊಳ್ಳುವಾಗ ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂದು ತೋರಿಸುವ ಗೇಜ್ ಮಾದರಿಯನ್ನೇ ಕೇಳಿ. ನಿರ್ವಾತದಿಂದ ಅಳೆಯುವ ಅಬ್ಸಲ್ಯೂಟ್ ಮಾದರಿ ತಂದು, ಸಮುದ್ರಮಟ್ಟದ ವಾಯುಭಾರವಾದ 1013 ಕಳೆಯುವವರಿದ್ದಾರೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ, ಇಲ್ಲಿನ ವಾಯುಭಾರ ಸುಮಾರು 910 ಮಿಲಿಬಾರ್. ಲೆಕ್ಕ ಶುರುವಿನಲ್ಲೇ 100 ಮಿಲಿಬಾರ್ ತಪ್ಪಿಬಿಡುತ್ತದೆ. ಸೆನ್ಸರ್ ಸರಿಯಿದೆಯೇ ಎಂದು ನೋಡಲು ಪಾರದರ್ಶಕ ಪೈಪಿನಲ್ಲಿ 1 ಮೀಟರ್ ನೀರು ನಿಲ್ಲಿಸಿ, 98 ಮಿಲಿಬಾರ್ ತೋರಿಸಬೇಕು. ಸೊನ್ನೆಯ ತಪ್ಪನ್ನು ಪ್ರತಿದಿನ ಬೆಳಗ್ಗೆ ಕಳೆದುಕೊಳ್ಳಿ.

ಬಾಟಲಿಗೆ 15 ಮಿ.ಲೀ. ಸೆಂಟ್ರಿಫ್ಯೂಜ್ ಟ್ಯೂಬ್ ಒಳ್ಳೆಯದು. ಮುಚ್ಚಳದಲ್ಲಿ ಎರಡು ತೂತು ಕೊರೆದು ಎರಡು ಮೊಂಡು ಸೂಜಿ ಎಪಾಕ್ಸಿಯಿಂದ ಕೂಡಿಸಿ. ಗಾಳಿಯ ಸೂಜಿ ಮುಚ್ಚಳದ ಕೆಳಗೇ ಮುಗಿಯಬೇಕು, ದ್ರವದ ಟ್ಯೂಬ್ ತಳದಿಂದ 2–3 ಮಿ.ಮೀ. ಮೇಲೆ ನಿಲ್ಲಬೇಕು. ಎಪಾಕ್ಸಿ ಒಂದು ರಾತ್ರಿ ಒಣಗಲಿ. ಆಮೇಲೆ ದ್ರವದ ತುದಿ ಮುಚ್ಚಿ, 400 ಮಿಲಿಬಾರ್ ಕೊಟ್ಟು, ಮುಚ್ಚಳದವರೆಗೆ ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ನೋಡಿ. ಸಾಮಾನ್ಯ ರಿಯೇಜೆಂಟ್ ಗಾಜಿನ ಬಾಟಲಿಗೆ ಒತ್ತಡ ಕೊಡಲೇಬೇಡಿ. ಗಾಜೇ ಬೇಕೆಂದರೆ ಒತ್ತಡಕ್ಕೆಂದೇ ಮಾಡಿದ್ದು ಸಿಗುತ್ತದೆ, ಡ್ಯುರಾನ್ ಬ್ರ್ಯಾಂಡಿನ ಪ್ರೆಷರ್ ಪ್ಲಸ್ ಬಾಟಲಿ 1.5 ಬಾರ್‌ವರೆಗೆ ತಡೆಯುತ್ತದೆ. ಹಳೆಯ ರೆಗ್ಯುಲೇಟರ್ ಆದ ಮೇಲೆ ಒಂದು ಸೇಫ್ಟಿ ವಾಲ್ವ್ ಇರಲಿ.

ಮಳೆಗಾಲದಲ್ಲಿ ಟ್ಯಾಂಕ್ ತಳದ ನೀರನ್ನು ದಿನಾ ಬಿಡಿ. ಫಿಲ್ಟರ್ ಕಪ್ ತುಂಬಿದ ಮೇಲೆ ಪ್ರಿಸಿಶನ್ ರೆಗ್ಯುಲೇಟರ್‌ನ ಸಣ್ಣ ರಂಧ್ರಗಳು ಮೊದಲು ಕಟ್ಟಿಕೊಳ್ಳುತ್ತವೆ.


ದ್ರವಲೆಕ್ಕ:

ಹಿಮ್ಮುಖ ಹರಿವಿಗೆ ಕಾರಣ ರೆಗ್ಯುಲೇಟರ್ ಅಲ್ಲ. ಎಷ್ಟೇ ದುಬಾರಿ ರೆಗ್ಯುಲೇಟರ್ ತಂದರೂ ಈ ಚಿಪ್ ಹೀಗೇ ಆಡುತ್ತದೆ. ಒತ್ತಡ ಯಾವ ಜಾಗದಲ್ಲಿ ಖರ್ಚಾಗುತ್ತಿದೆ ಎಂದು ನೋಡಿ, ಉತ್ತರ ಅಲ್ಲೇ ಇದೆ.

ಆಯತಾಕಾರದ ಚಾನೆಲ್‌ನ ರೋಧ (ಹರಿವಿಗೆ ಅದು ಒಡ್ಡುವ ತಡೆ; ಸ್ನಿಗ್ಧತೆ ಎಂದರೆ ದ್ರವದ ಮಂದತನ) = 12 × ಸ್ನಿಗ್ಧತೆ × ಉದ್ದ ÷ [ಅಗಲ × ಎತ್ತರದ ಘನ × (1 − 0.63 × ಎತ್ತರ ÷ ಅಗಲ)]. ನಿಮ್ಮ 100 × 50 ಮೈಕ್ರಾನ್ ಚಾನೆಲ್‌ನಲ್ಲಿ ನೀರಿಗೆ, 10 ಮಿ.ಮೀ. ಉದ್ದಕ್ಕೆ, ನಿಮಿಷಕ್ಕೆ 1 ಮೈಕ್ರೊಲೀಟರ್ ಹರಿಯಲು 2.3 ಮಿಲಿಬಾರ್ ಬೇಕು. ಈ ಒಂದು ಅಂಕಿ ಕೈಯಲ್ಲಿದ್ದರೆ ಉಳಿದದ್ದು ಕೂಡಿ ಕಳೆಯುವ ಲೆಕ್ಕ.

ಎಚ್‌ಎಫ್‌ಇ-7500ರ ಸ್ನಿಗ್ಧತೆ ಸುಮಾರು 1.24 ಮಿಲಿಪ್ಯಾಸ್ಕಲ್-ಸೆಕೆಂಡ್. ಇದೇ ಅಂಕಿ ಎಣ್ಣೆಯ ಒಂದು ಕವಲಿಗೆ 2.9 ಆಗುತ್ತದೆ, ಎರಡು ಪಕ್ಕಪಕ್ಕ ಇರುವುದರಿಂದ 1.45. ಹೊರದಾರಿ 20 ಮಿ.ಮೀ., ಎಣ್ಣೆ ನೀರು ಬೆರೆತು ಹೋಗುವುದರಿಂದ ಅಲ್ಲಿ 5.5 ಎಂದಿಟ್ಟುಕೊಳ್ಳೋಣ.

ಒಟ್ಟು 15 ಮೈಕ್ರೊಲೀಟರ್ ಹೊರಗೆ ಹೋಗಬೇಕಾದರೆ ಜಂಕ್ಷನ್‌ನಲ್ಲಿ ಸುಮಾರು 82 ಮಿಲಿಬಾರ್ ನಿಲ್ಲುತ್ತದೆ. ನೀರಿನ ಬಾಟಲಿಗೆ 82 + 12 = 94. ಎಣ್ಣೆ ಬಾಟಲಿಗೆ 82 + 15 = 97. ಎರಡೂ ಬಾಟಲಿಗಳು ಜಂಕ್ಷನ್‌ಗಿಂತ ಬರೀ ಹನ್ನೆರಡು, ಹದಿನೈದು ಮಿಲಿಬಾರ್ ಮೇಲಿವೆ. ಈಗ ಎಣ್ಣೆಯನ್ನು ಏರಿಸಿ: ಹೊರದಾರಿಯಲ್ಲಿ ಎಣ್ಣೆ ಹೆಚ್ಚಾದಂತೆ ಜಂಕ್ಷನ್‌ನ ಒತ್ತಡವೂ ಏರುತ್ತದೆ. ಎಣ್ಣೆ 119 ಮಿಲಿಬಾರ್ ತಲುಪಿದಾಗ ಜಂಕ್ಷನ್ 94 ಮುಟ್ಟುತ್ತದೆ, ನೀರಿನ ಬಾಟಲಿಯಲ್ಲಿರುವುದೂ 94, ನೀರು ನಿಂತುಬಿಡುತ್ತದೆ. ಅದಕ್ಕೂ ಮೇಲೆ ಹೋದರೆ ಎಣ್ಣೆ ನೀರಿನ ಟ್ಯೂಬ್‌ನಲ್ಲಿ. ನೀವು ಕೂದಲೆಳೆಯಷ್ಟು ಎಂದದ್ದು ಲೆಕ್ಕದಲ್ಲಿ 22 ಮಿಲಿಬಾರ್, ನಿಮ್ಮ ಗೇಜ್‌ನಲ್ಲಿ ಕಣ್ಣಿಗೇ ಕಾಣದ ದೂರ. ಬಾಟಲಿಗಳ ಎತ್ತರವೂ ಇಲ್ಲಿ ಸುಮ್ಮನಿರುವುದಿಲ್ಲ: 10 ಸೆಂ.ಮೀ. ನೀರು ಎಂದರೆ 10 ಮಿಲಿಬಾರ್, 10 ಸೆಂ.ಮೀ. ಎಚ್‌ಎಫ್‌ಇ ಎಂದರೆ 16.

ಪರಿಹಾರ: ಪ್ರತಿ ಒಳದಾರಿಯಲ್ಲೂ ಚಿಪ್‌ಗೆ ಮೊದಲು ಒಂದು ದೊಡ್ಡ, ಬದಲಾಗದ ರೋಧ ಹಾಕಿ. 65 ಮೈಕ್ರಾನ್ ಒಳವ್ಯಾಸದ ಪೀಕ್ (ಗಟ್ಟಿ ಪ್ಲಾಸ್ಟಿಕ್) ಟ್ಯೂಬ್ ಎಚ್‌ಪಿಎಲ್‌ಸಿ (ದ್ರವ ಕ್ರೊಮ್ಯಾಟೋಗ್ರಫಿ) ಸಾಮಾನು ಮಾರುವವರ ಹತ್ತಿರ ಸಿಗುತ್ತದೆ. ಅದರ 10 ಸೆಂ.ಮೀ. ತುಂಡಿನಲ್ಲಿ ನೀರಿಗೆ, ನಿಮಿಷಕ್ಕೆ 1 ಮೈಕ್ರೊಲೀಟರ್‌ಗೆ 38 ಮಿಲಿಬಾರ್ ಇಳಿಯುತ್ತದೆ. ನೀರಿನ ದಾರಿಗೆ 10 ಸೆಂ.ಮೀ. ಹಾಕಿದರೆ ಬಾಟಲಿಗೆ 94 + 190 = 284 ಮಿಲಿಬಾರ್. ಎಣ್ಣೆಗೆ 5 ಸೆಂ.ಮೀ. ಸಾಕು, ಬಾಟಲಿಗೆ ಸುಮಾರು 333. ಈಗ ನೀರು ನಿಲ್ಲಬೇಕಾದರೆ ಎಣ್ಣೆಯನ್ನು ಎಷ್ಟಕ್ಕೆ ಏರಿಸಬೇಕು? ಸುಮಾರು 1580 ಮಿಲಿಬಾರ್‌ಗೆ. ಮರೆತು ಕೈ ತಾಗಿದರೂ ಅಷ್ಟು ದೂರ ಹೋಗುವುದಿಲ್ಲ.

ಇನ್ನೊಂದು ಲಾಭ ಇದಕ್ಕಿಂತ ದೊಡ್ಡದು. ನೀರಿನ ರೆಗ್ಯುಲೇಟರ್ 5 ಮಿಲಿಬಾರ್ ತಪ್ಪಿದರೆ, ಈಗಿನ ಚಿಪ್‌ನಲ್ಲಿ ನೀರಿನ ಹರಿವು 29% ಬದಲಾಗುತ್ತದೆ. ಪೀಕ್ ತುಂಡು ಹಾಕಿದ ಮೇಲೆ ಅದೇ ತಪ್ಪಿಗೆ 2%ಕ್ಕೆ ಸ್ವಲ್ಪ ಮೇಲೆ. ಹನಿಯೊಂದು ಹೊರದಾರಿಗೆ ಸೇರಿದಾಗ ಅಲ್ಲಿನ ರೋಧ ಅಲುಗುತ್ತದೆಯಲ್ಲ, ಆ ಅಲುಗಾಟವೂ ಒಳದಾರಿಗಳಿಗೆ ಅಷ್ಟಾಗಿ ತಾಗುವುದಿಲ್ಲ. ಸಾಧಾರಣ ರೆಗ್ಯುಲೇಟರ್‌ಗೆ ಒಳ್ಳೆಯ ರೋಧ ಜೋಡಿಸಿದ ವ್ಯವಸ್ಥೆ, ರೋಧವಿಲ್ಲದ ದುಬಾರಿ ಕಂಟ್ರೋಲರ್‌ಗಿಂತ ಸ್ಥಿರವಾಗಿರುತ್ತದೆ.

ತುಂಡನ್ನು ಚಿಪ್‌ಗೆ ಎಷ್ಟು ಹತ್ತಿರ ಇಡುತ್ತೀರೋ ಅಷ್ಟು ಒಳ್ಳೆಯದು. ಬಾಟಲಿಯಿಂದ ಅಲ್ಲಿಯವರೆಗೆ 0.5 ಮಿ.ಮೀ. ಒಳವ್ಯಾಸದ ಟ್ಯೂಬ್ ಇರಲಿ. ಅರ್ಧ ಮೀಟರ್ ಉದ್ದವಿದ್ದರೂ ಅದರ ರೋಧ ಪೀಕ್ ತುಂಡಿನ ಮುಂದೆ ಏನೂ ಅಲ್ಲ. ಒತ್ತಡದ ಮೂಲಕ್ಕೂ ರೋಧಕ್ಕೂ ನಡುವೆ ಗುಳ್ಳೆ ಸೇರಿದರೆ ಅದು ನಿರುಪದ್ರವಿ. ರೋಧಕ್ಕೂ ಚಿಪ್‌ಗೂ ನಡುವೆ ಸೇರಿದರೆ ಅದು ಹಿಗ್ಗಿ ಕುಗ್ಗಿ ಪ್ರತಿಕ್ರಿಯೆಯನ್ನು ನಿಧಾನ ಮಾಡುತ್ತದೆ.

ಪೀಕ್ ಕತ್ತರಿಸಲು ಬ್ಲೇಡ್ ಒತ್ತಿದರೆ ರಂಧ್ರ ಚಪ್ಪಟೆಯಾಗುತ್ತದೆ, ಟ್ಯೂಬ್ ಕಟರ್ ಬಳಸಿ. ರೋಧವು ವ್ಯಾಸದ ನಾಲ್ಕನೇ ಘಾತದ ಮೇಲೆ ನಿಂತಿರುವುದರಿಂದ ಒಳವ್ಯಾಸ 10% ದೊಡ್ಡದಿದ್ದರೆ ಹರಿವು 46% ಹೆಚ್ಚು. ಹಾಗಾಗಿ ಮೇಲಿನ ಅಂಕಿಗಳು ಶುರು ಮಾಡಲು ಮಾತ್ರ. ಪ್ರತಿ ತುಂಡನ್ನೂ ಅಳೆದು, ಮೇಲೆ ಚೀಟಿ ಅಂಟಿಸಿ ಇಟ್ಟುಕೊಳ್ಳಬೇಕು.


ಹನಿಚಿಪ್:

ಇಬ್ಬರಿಗೂ ತುಂಬಾ ಧನ್ಯವಾದ. ಪೀಕ್ ತುಂಡು ಹಾಕಿದ ಮೇಲೆ ಎಣ್ಣೆ ಹಿಂದಕ್ಕೆ ಹೋಗುವುದು ಪೂರ್ತಿ ನಿಂತಿದೆ. ಉಳಿದಿರುವುದು ಎರಡು ತೊಂದರೆ. ಅರ್ಧ ಗಂಟೆಯ ನಂತರ ಚಿಪ್‌ನೊಳಗೆ ಗಾಳಿಗುಳ್ಳೆ ಕಾಣಿಸುತ್ತವೆ. ಒತ್ತಡದಲ್ಲಿ ಗಾಳಿ ಕರಗಿ ಹೀಗಾಗುತ್ತಿದೆಯೇ? ಇನ್ನೊಂದು, ಒತ್ತಡದ ಓದು ಕದಲದಿದ್ದರೂ ಮಧ್ಯಾಹ್ನದ ಹೊತ್ತಿಗೆ ಹನಿಯ ಗಾತ್ರ ಬೆಳಗಿನಂತಿರುವುದಿಲ್ಲ. ಮುಂದೆ ನೀರಿನಲ್ಲಿ ಜೀವಕೋಶ ಸೇರಿಸುವ ಯೋಚನೆಯಿದೆ. ಆಗಲೂ 65 ಮೈಕ್ರಾನ್ ಪೀಕ್ ನಡೆಯುತ್ತದೆಯೇ?


ಪಿಡಿಎಂಎಸ್_ಧಾರವಾಡ:

ಗುಳ್ಳೆಯ ವಿಷಯ. ದ್ರವದ ಮೇಲೆ ಒತ್ತಿದ ಗಾಳಿ ಕರಗುವುದು ನಿಜ. ಬೆಂಗಳೂರಿನಲ್ಲಿ 330 ಮಿಲಿಬಾರ್ ಕೊಟ್ಟರೆ ಒಟ್ಟು ಒತ್ತಡ 910ರಿಂದ 1240ಕ್ಕೆ ಏರುತ್ತದೆ, ಪೂರ್ತಿ ಸಮತೋಲನಕ್ಕೆ ಬಂದರೆ 36% ಹೆಚ್ಚು ಗಾಳಿ ಕರಗಬಹುದು. ಆದರೆ ಅದು ಮೇಲ್ಮೈಯಿಂದ ಕೆಳಕ್ಕೆ ಇಳಿಯುವುದು ಬಹಳ ನಿಧಾನ. ಅಲುಗಾಡದ ನೀರಿನಲ್ಲಿ 1 ಸೆಂ.ಮೀ. ಆಳಕ್ಕೆ ತಲುಪಲು ಹತ್ತು ಗಂಟೆಯ ಮೇಲೆ ಬೇಕು. ನೀವು ತಳದಿಂದ ಎಳೆಯುತ್ತಿದ್ದೀರಿ, ಟ್ಯೂಬ್ ಉದ್ದನೆಯದು, ಕಿರಿದು. ನೀರಿನ ಕಡೆ ಅರ್ಧ ಗಂಟೆಯಲ್ಲಿ ಗುಳ್ಳೆ ಬಂದರೆ ಕರಗಿದ ಗಾಳಿಯನ್ನು ಕೊನೆಗೆ ಅನುಮಾನಿಸಿ. ಬಾಟಲಿಯನ್ನು ಕುಲುಕಿದ್ದರೆ, ಒಳಗೆ ಸ್ಟಿರರ್ ತಿರುಗುತ್ತಿದ್ದರೆ ಮಾತ್ರ ಈ ಲೆಕ್ಕ ಕೆಡುತ್ತದೆ. ಎಣ್ಣೆಯ ಕಡೆ ಸ್ವಲ್ಪ ಬೇರೆ, ಫ್ಲೋರಿನ್ ಇರುವ ಎಣ್ಣೆಗಳು ನೀರಿಗಿಂತ ಬಹಳ ಹೆಚ್ಚು ಗಾಳಿ ಹಿಡಿದಿಟ್ಟುಕೊಳ್ಳುತ್ತವೆ. ಹಾಗಾಗಿ ಗುಳ್ಳೆ ಮೊದಲು ಯಾವ ದ್ರವದಲ್ಲಿ ಹುಟ್ಟುತ್ತಿದೆ ಎಂದು ಮೈಕ್ರೊಸ್ಕೋಪ್‌ನಲ್ಲಿ ನೋಡಿ.

ನಾನು ಮೊದಲು ನೋಡುವುದು ಪಂಚ್ ಮಾಡಿದ ತೂತುಗಳನ್ನು. 1 ಮಿ.ಮೀ. ಹೊರವ್ಯಾಸದ ಟ್ಯೂಬ್‌ಗೆ ಪಂಚ್ 0.75 ಮಿ.ಮೀ. ಇರಬೇಕು, ಆಗಲೇ ಪಿಡಿಎಂಎಸ್ ಬಿಗಿಯಾಗಿ ಹಿಡಿಯುವುದು. ಪಂಚ್ ಮೊಂಡಾಗಿದ್ದರೆ ತೂತಿನ ಗೋಡೆ ಹರಿದಿರುತ್ತದೆ, ಅಲ್ಲಿ ಗಾಳಿ ಮನೆ ಮಾಡುತ್ತದೆ. ಟ್ಯೂಬ್ ಸಿಕ್ಕಿಸುವಾಗ ಅದರ ತುದಿಯಲ್ಲಿ ದ್ರವದ ಹನಿ ತೂಗುತ್ತಿರಬೇಕು, ತೂತಿನ ಬಾಯಲ್ಲೂ ಒಂದು ಹನಿ ಇರಬೇಕು. ಒಣ ಟ್ಯೂಬ್ ತುರುಕಿದರೆ ಒಂದೆರಡು ಮೈಕ್ರೊಲೀಟರ್ ಗಾಳಿ ನೇರ ಒಳಗೆ. ಎರಡನೆಯದು, ಫ್ರಿಜ್‌ನಿಂದ ತೆಗೆದ ಬಫರ್ ಹಾಗೇ ಹಾಕಿದರೆ ಬಿಸಿಯಾಗುತ್ತಾ ಗಾಳಿ ಬಿಡುತ್ತದೆ. ಕೋಣೆಯ ಉಷ್ಣತೆಗೆ ಬರಲಿ, ವ್ಯಾಕ್ಯೂಮ್ ಡೆಸಿಕೇಟರ್‌ನಲ್ಲಿ 20–30 ನಿಮಿಷ ಇಡಿ. ಎಣ್ಣೆಯನ್ನು ಅಷ್ಟು ಹೊತ್ತು ಇಡಬೇಡಿ, ಆವಿಯಾಗಿ ಸರ್ಫ್ಯಾಕ್ಟೆಂಟ್ ಪ್ರಮಾಣ ಏರುತ್ತದೆ.

ಸಿಕ್ಕಿಕೊಂಡ ಗುಳ್ಳೆಯನ್ನು ತೆಗೆಯಲು ಪಿಡಿಎಂಎಸ್ ತಾನೇ ನೆರವಾಗುತ್ತದೆ. ಹೊರದಾರಿ ಮುಚ್ಚಿ, 300 ಮಿಲಿಬಾರ್ ಕೊಟ್ಟು ಕೆಲವು ನಿಮಿಷ ಬಿಡಿ, ಗಾಳಿ ಪಿಡಿಎಂಎಸ್ ಮೂಲಕ ಹೊರಗೆ ಹೋಗುತ್ತದೆ. ಇಲ್ಲೊಂದು ಎಚ್ಚರ: ಹೊರದಾರಿ ಮುಚ್ಚಿದಾಗ ಎರಡೂ ಬಾಟಲಿಯ ಒತ್ತಡ ಸಮ ಇರಲೇಬೇಕು. 284 ಮತ್ತು 333 ಹಾಗೇ ಬಿಟ್ಟರೆ ಹೋಗಲು ಬೇರೆ ದಾರಿಯಿಲ್ಲದೆ ಎಣ್ಣೆ ನೀರಿನ ಕಡೆಗೆ ಹರಿಯುತ್ತದೆ, ದ್ರವಲೆಕ್ಕ ಅವರು ತಪ್ಪಿಸಿದ ತೊಂದರೆ ಮತ್ತೆ ಬರುತ್ತದೆ.

ಮಧ್ಯಾಹ್ನದ ಬದಲಾವಣೆಗೆ ಉಷ್ಣತೆಯೇ ಕಾರಣವಿರಬೇಕು. ಒತ್ತಡ ಸ್ಥಿರವಿದ್ದರೆ ಹರಿವು ಸ್ನಿಗ್ಧತೆಗೆ ತಿರುಗುಮುರುಗು. ನೀರಿನ ಸ್ನಿಗ್ಧತೆ 22 ಡಿಗ್ರಿಯಲ್ಲಿ 0.955, 30 ಡಿಗ್ರಿಯಲ್ಲಿ 0.80. ಕರೆಂಟ್ ಹೋಗಿ ಎಸಿ ನಿಂತು ಕೋಣೆ 30ಕ್ಕೆ ಏರಿದರೆ ನೀರಿನ ಹರಿವು ಹತ್ತಿರ ಹತ್ತಿರ 20% ಹೆಚ್ಚು. ಎಣ್ಣೆಯದೂ ಹೆಚ್ಚುತ್ತದೆ, ಆದರೆ ಅದೇ ಪ್ರಮಾಣದಲ್ಲಲ್ಲ. ಹಾಗಾಗಿ ಅನುಪಾತ ಕದಲುತ್ತದೆ, ಹನಿಯ ಗಾತ್ರ ಕದಲುತ್ತದೆ. ಸಿರಿಂಜ್ ಪಂಪ್‌ನಲ್ಲಿ ಈ ಸಮಸ್ಯೆ ಇರಲಿಲ್ಲ, ಗಾಳಿಗೆ ಬಂದಾಗ ಕೊಡಬೇಕಾದ ಬೆಲೆ ಇದು. ಪೀಕ್ ತುಂಡುಗಳನ್ನೂ ಚಿಪ್ಪನ್ನೂ ಒಂದೇ ಡಬ್ಬದೊಳಗೆ ಇಟ್ಟು ಥರ್ಮಾಮೀಟರ್ ಹಾಕಿ, ಪ್ರತಿ ಓದಿನ ಪಕ್ಕ ಉಷ್ಣತೆ ಬರೆದಿಡಿ. ಒಂದು ಡಿಗ್ರಿಗೆ 2% ಎಂದು ಒತ್ತಡ ತಿದ್ದಿದರೆ ನೀರಿಗೆ ಸಾಕಾಗುತ್ತದೆ.

ಶುರು ಮಾಡುವ ಕ್ರಮವನ್ನೂ ಹೇಳಿಬಿಡುತ್ತೇನೆ, ಅರ್ಧ ಚಿಪ್‌ಗಳು ಹಾಳಾಗುವುದು ಅಲ್ಲೇ. ಚಾನೆಲ್ ಗೋಡೆ ನೀರಿಗೆ ಅಂಟಬಾರದು. ಅಕ್ವಾಪೆಲ್‌ನಂಥ ಫ್ಲೋರಿನ್ ಲೇಪ ಹಾಕಿ ಗಾಳಿಯಿಂದ ಒಣಗಿಸಿ. ಮೊದಲು ಎಣ್ಣೆ ಮಾತ್ರ ಬಿಟ್ಟು ಹೊರದಾರಿವರೆಗೆ ತುಂಬಿಸಿ. ನೀರಿನ ಟ್ಯೂಬನ್ನು ತುದಿಯವರೆಗೆ ನೀರು ಬಂದ ಮೇಲೆಯೇ ಸಿಕ್ಕಿಸಬೇಕು. ಆಮೇಲೆ ನೀರಿನ ಒತ್ತಡವನ್ನು ನಿಧಾನವಾಗಿ ಏರಿಸುತ್ತಾ ಹೋಗಿ. ನೀರು ಮೊದಲು ಗೋಡೆ ಮುಟ್ಟಿತೋ, ಆ ಜಾಗ ಆಮೇಲೆ ಎಣ್ಣೆಯನ್ನು ಒಪ್ಪಿಕೊಳ್ಳುವುದು ಕಷ್ಟ, ಹನಿಗಳು ಅಲ್ಲಿ ಅಂಟಿ ಒಂದರೊಳಗೊಂದು ಸೇರುತ್ತವೆ. ನಿಲ್ಲಿಸುವಾಗ ನೀರಿನ ಒತ್ತಡವನ್ನು ಮೊದಲು ಸೊನ್ನೆ ಮಾಡಬೇಡಿ. ನೀರಿನ ಟ್ಯೂಬನ್ನು ಚಿಪ್ ಹತ್ತಿರ ಕ್ಲಾಂಪ್ ಮಾಡಿ, ಆಮೇಲೆ ಎಣ್ಣೆ ಇಳಿಸಿ, ಕೊನೆಗೆ ನೀರಿನ ಬಾಟಲಿಯ ಗಾಳಿ ಬಿಡಿ. ಪೀಕ್ ತುಂಡಿನ ಮೇಲೆ ಕ್ಲಾಂಪ್ ಹಿಡಿಯುವುದಿಲ್ಲ, ಮೆತ್ತನೆಯ ಚಿಕ್ಕದೊಂದು ಟೈಗಾನ್ ಟ್ಯೂಬ್ ತುಂಡು ನಡುವೆ ಇರಲಿ.

ಜೀವಕೋಶಕ್ಕೆ 65 ಮೈಕ್ರಾನ್ ಪೀಕ್ ಅಡ್ಡಿಯಲ್ಲ, ಆದರೆ ಗುಂಪುಗಟ್ಟಿದ ಕೋಶ ಬಂದರೆ ಕಟ್ಟಿಕೊಳ್ಳುತ್ತದೆ. ತುಂಬುವ ಮೊದಲು 40 ಮೈಕ್ರಾನ್ ಜರಡಿಯಲ್ಲಿ ಸೋಸಿ. ಇನ್ನೂ ಒಳ್ಳೆಯದು, ರೋಧವನ್ನು ಚಿಪ್‌ನೊಳಗೇ ಹಾವಿನಂತೆ ಸುತ್ತಿದ ಚಾನೆಲ್ ಆಗಿ ಬರೆಯಿರಿ. 50 × 50 ಮೈಕ್ರಾನ್ ಚಾನೆಲ್ 50 ಮಿ.ಮೀ. ಉದ್ದವಿದ್ದರೆ ಅದರ ರೋಧ ನಿಮ್ಮ 10 ಸೆಂ.ಮೀ. ಪೀಕ್‌ಗೆ ಸರಿಸಮ. ಎಲ್ಲ ಚಿಪ್‌ಗಳೂ ಒಂದೇ ಅಚ್ಚಿನಿಂದ ಬರುವುದರಿಂದ ತುಂಡಿನಿಂದ ತುಂಡಿಗೆ ಆಗುವ ವ್ಯತ್ಯಾಸವೂ ತಪ್ಪುತ್ತದೆ. ಒಂದು ತೊಡಕು: ಆಗ ಪೂರ್ತಿ 284 ಮಿಲಿಬಾರ್ ಚಿಪ್‌ನ ಒಳಗೇ ಬರುತ್ತದೆ. ಪೀಕ್ ಇದ್ದಾಗ ಚಿಪ್‌ಗೆ ತಾಗುತ್ತಿದ್ದುದು 94 ಮಾತ್ರ. 50 ಮೈಕ್ರಾನ್ ಅಗಲದ ಚಾನೆಲ್ ಅದಕ್ಕೆ ಉಬ್ಬುವುದಿಲ್ಲ, ಆದರೆ ಒಳಬಾಯಿಯ ಬಾಂಡಿಂಗ್ ಸರಿಯಿಲ್ಲದಿದ್ದರೆ ಅಲ್ಲಿಂದಲೇ ಬಿಡುತ್ತದೆ.

ಕೋಶಗಳು ಬಾಟಲಿಯ ತಳಕ್ಕೆ ಇಳಿಯುತ್ತವೆ ಅನ್ನುವುದನ್ನೂ ನೆನಪಿಡಿ. ಟ್ಯೂಬ್ ತಳದ ಹತ್ತಿರವಿರುವುದರಿಂದ ಮೊದಲು ದಟ್ಟವಾಗಿ ಬಂದು ಆಮೇಲೆ ತೆಳುವಾಗುತ್ತದೆ. ನೀರಿಗೆ ಆಪ್ಟಿಪ್ರೆಪ್ ಎಂಬ ಸಾಂದ್ರ ದ್ರಾವಣ ಸುಮಾರು 15–16% ಬೆರೆಸಿ ಸಾಂದ್ರತೆ ಹೊಂದಿಸಿದರೆ ಇದು ಬಹಳಷ್ಟು ಕಡಿಮೆಯಾಗುತ್ತದೆ. ಅದರಿಂದ ಸ್ನಿಗ್ಧತೆಯೂ ಬದಲಾಗುವುದರಿಂದ ಹರಿವನ್ನು ಮತ್ತೆ ಅಳೆಯಬೇಕು.


ದ್ರವಲೆಕ್ಕ:

ಅಳೆಯುವ ಪ್ರಶ್ನೆಗೆ ಉತ್ತರ ಬಾಕಿ ಉಳಿದಿತ್ತು. ಸೆನ್ಸರ್ ಇಲ್ಲದೆ ಎರಡು ವಿಧಾನ ಚೆನ್ನಾಗಿ ನಡೆಯುತ್ತವೆ.

ಒಂದು, ತೂಕ. ಪೀಕ್ ತುಂಡನ್ನು ಮಾತ್ರ ಬಾಟಲಿಗೆ ಜೋಡಿಸಿ, ನೀರು ಹಾಕಿ, 200 ಮಿಲಿಬಾರ್ ಕೊಡಿ. ಹೊರತುದಿ 1.5 ಮಿ.ಲೀ. ಟ್ಯೂಬ್‌ನೊಳಗೆ, ನೀರಿನ ಮೇಲೆ ಖನಿಜ ತೈಲದ ತೆಳು ಪದರ, ತುದಿ ಆ ಪದರದ ಕೆಳಗೆ. 10 ಸೆಂ.ಮೀ. ತುಂಡಿಗೆ ನಿಮಿಷಕ್ಕೆ 5.3 ಮೈಕ್ರೊಲೀಟರ್ ಬರಬೇಕು, ಅಂದರೆ 10 ನಿಮಿಷಕ್ಕೆ 53 ಮಿಲಿಗ್ರಾಂ. 0.1 ಮಿಲಿಗ್ರಾಂ ತಕ್ಕಡಿಗೆ ಇದು ಸುಲಭದ ಅಳತೆ. ತೈಲದ ಪದರ ಬಿಟ್ಟರೆ ಆವಿಯಾಗುವ ನೀರೇ ಅಳತೆಯನ್ನು ತಿನ್ನುತ್ತದೆ. 100, 200, 300 ಮಿಲಿಬಾರ್‌ನಲ್ಲಿ ಅಳೆದು ಗೆರೆ ಎಳೆಯಿರಿ. ಗೆರೆ ಸೊನ್ನೆಯ ಮೂಲಕ ಹೋಗದಿದ್ದರೆ ಬಾಟಲಿಯ ದ್ರವಮಟ್ಟಕ್ಕೂ ಹೊರತುದಿಗೂ ಎತ್ತರದ ವ್ಯತ್ಯಾಸವಿದೆ. ಗೆರೆ ಬಾಗಿದರೆ ಎಲ್ಲೋ ಸೋರುತ್ತಿರಬಹುದು.

ಎರಡು, ಪ್ರಯೋಗ ನಡೆಯುವಾಗಲೇ ನೋಡಲು. ಬಾಟಲಿಯಿಂದ ಬರುವ 0.5 ಮಿ.ಮೀ. ಪಾರದರ್ಶಕ ಟ್ಯೂಬ್‌ಗೆ ಒಂದು ಸಣ್ಣ ಗಾಳಿಗುಳ್ಳೆ ಬಿಟ್ಟು ಪಕ್ಕದಲ್ಲಿ ಸ್ಕೇಲ್ ಇಡಿ. ಆ ಟ್ಯೂಬ್‌ನಲ್ಲಿ 1 ಮೈಕ್ರೊಲೀಟರ್ ಎಂದರೆ 5.1 ಮಿ.ಮೀ., ನಿಮ್ಮ 5 ಮೈಕ್ರೊಲೀಟರ್‌ಗೆ ಗುಳ್ಳೆ ನಿಮಿಷಕ್ಕೆ 25 ಮಿ.ಮೀ. ಸರಿಯಬೇಕು. ಅದು ಪೀಕ್ ತುಂಡು ತಲುಪುವ ಮೊದಲು ಟಿ ಜೋಡಣೆಯಿಂದ ಹೊರಗೆ ತೆಗೆದುಬಿಡಿ.

ಹನಿಗಳನ್ನು ಎಣಿಸಿಯೂ ತಿಳಿಯಬಹುದು. 60 ಮೈಕ್ರಾನ್ ಹನಿಯೊಂದು 113 ಪಿಕೊಲೀಟರ್. ನಿಮಿಷಕ್ಕೆ 5 ಮೈಕ್ರೊಲೀಟರ್ ನೀರಿಗೆ ಸೆಕೆಂಡಿಗೆ ಸುಮಾರು 740 ಹನಿ. ಮೊಬೈಲಿನ 240 ಫ್ರೇಮ್ ಇದಕ್ಕೆ ಸಾಲದು, ಎಣಿಕೆ ತಪ್ಪಿ ಹನಿಗಳು ನಿಂತಂತೆಯೋ ಹಿಂದೆ ಹೋದಂತೆಯೋ ಕಾಣುತ್ತವೆ. ಸೆಕೆಂಡಿಗೆ 2000 ಫ್ರೇಮ್ ಕ್ಯಾಮೆರಾ ಸಿಕ್ಕರೆ ಇದೇ ಎಲ್ಲಕ್ಕಿಂತ ನಂಬಿಕಸ್ಥ.

ಒತ್ತಡದ ವ್ಯವಸ್ಥೆಯ ಒಂದು ದೌರ್ಬಲ್ಯ ತಿಳಿದಿರಬೇಕು. ಚಾನೆಲ್ ಕಟ್ಟಿಕೊಂಡರೆ ಸಿರಿಂಜ್ ಪಂಪ್ ಒತ್ತುತ್ತಲೇ ಹೋಗಿ ಚಿಪ್ ಬಿರಿದು ನಿಮಗೆ ತಿಳಿಸುತ್ತದೆ. ಗಾಳಿಯಲ್ಲಿ ಹರಿವು ಸದ್ದಿಲ್ಲದೆ ಕಡಿಮೆಯಾಗುತ್ತದೆ, ಒತ್ತಡದ ಓದು ಮಾತ್ರ ಸರಿಯಾಗಿಯೇ ಕಾಣುತ್ತದೆ. ಇಷ್ಟೇ ಪ್ರಮಾಣ ಒಳಗೆ ಹೋಗಿರಬೇಕು ಅನ್ನುವ ಕೆಲಸಕ್ಕೆ, ಉದಾಹರಣೆಗೆ ಗೊತ್ತಾದಷ್ಟು ಔಷಧ ತುಂಬಿಸುವಾಗ, ನಾನು ಈಗಲೂ ಸಿರಿಂಜ್ ಪಂಪನ್ನೇ ಆರಿಸುತ್ತೇನೆ.


ನ್ಯೂಮ್ಯಾಟಿಕ್_ಮಂಡ್ಯ:

ಮುಂದೆ ಕಂಪ್ಯೂಟರ್‌ನಿಂದ ಒತ್ತಡ ಬದಲಿಸುವ ಆಸೆ ಬಂದರೆ: ಎಸ್‌ಎಂಸಿ ಐಟಿವಿ0010 ಎಂಬ ವಿದ್ಯುತ್ ರೆಗ್ಯುಲೇಟರ್, 10ರಿಂದ 1000 ಮಿಲಿಬಾರ್, 0–5 ವೋಲ್ಟ್ ಇನ್‌ಪುಟ್ ಇರುವುದು. ಎಂಸಿಪಿ4725ರಂಥ 12 ಬಿಟ್ ಡಿಎಸಿ (ಅಂಕಿಯನ್ನು ವೋಲ್ಟೇಜ್ ಆಗಿಸುವ ಚಿಪ್) ಜೋಡಿಸಿದರೆ ಒಂದು ಹೆಜ್ಜೆ 0.24 ಮಿಲಿಬಾರ್. ಆದರೆ ಆ ಅಂಕಿ ನೋಡಿ ಹಿಗ್ಗಬೇಡಿ, ಸಾಧನದ ಸೂಕ್ಷ್ಮತೆ ಪೂರ್ಣ ಅಳತೆಯ 0.2%, ಅಂದರೆ 2 ಮಿಲಿಬಾರ್, ಪುನರಾವರ್ತನೆ 0.5%. ದ್ರವಲೆಕ್ಕ ಅವರು 5 ಮಿಲಿಬಾರ್ ತಪ್ಪಿಗೆ ಹೇಳಿದ 29% ಮತ್ತು 2%ರ ಲೆಕ್ಕ ಇಲ್ಲಿಗೇ ಅನ್ವಯಿಸುತ್ತದೆ: ಪೀಕ್ ತುಂಡು ಇದ್ದರೆ ಐಟಿವಿ ಸಾಕು, ಇಲ್ಲದಿದ್ದರೆ ಸಾಲದು. ಇದಕ್ಕೆ ಕೊಡುವ ಗಾಳಿ 2 ಬಾರ್ ಮೀರಬಾರದು, ಹಾಗಾಗಿ ಆ ಕವಲಿಗೆ ಮೊದಲ ರೆಗ್ಯುಲೇಟರನ್ನು 3ರಿಂದ 2ಕ್ಕೆ ಇಳಿಸಬೇಕಾಗುತ್ತದೆ.

ಪ್ರತಿಕ್ರಿಯೆ ಚುರುಕಾಗಬೇಕೆಂದರೆ ಬಾಟಲಿಯಲ್ಲಿ ದ್ರವದ ಮೇಲಿನ ಖಾಲಿ ಜಾಗ ಕಡಿಮೆ ಇರಲಿ. 15 ಮಿ.ಲೀ. ಟ್ಯೂಬ್‌ನಲ್ಲಿ 2 ಮಿ.ಲೀ. ದ್ರವ ಹಾಕಿದರೆ ಉಳಿದ 13 ಮಿ.ಲೀ. ಗಾಳಿಯನ್ನು ಪ್ರತಿ ಬಾರಿಯೂ ಆ ಸಣ್ಣ ಪಿಟಿಎಫ್‌ಇ ಫಿಲ್ಟರ್ ಮೂಲಕ ತುಂಬಿ ಖಾಲಿ ಮಾಡಬೇಕು. 13 ಮಿ.ಮೀ. ಫಿಲ್ಟರ್ ಬದಲು 25 ಮಿ.ಮೀ. ಹಾಕಿ, ಗಾಳಿಯ ಪೈಪ್ 4 ಮಿ.ಮೀ. ಪಾಲಿಯುರೆಥೇನ್, ಉದ್ದ ಒಂದು ಮೀಟರ್ ಒಳಗೆ. ಫಿಲ್ಟರ್ ಒದ್ದೆಯಾಗಿದೆ ಅನಿಸಿದರೆ ಒಣಗಿಸಿ ಮತ್ತೆ ಬಳಸದೆ ಬದಲಿಸಿಬಿಡಿ.